ದಿಡ್ಡಿಬಾಗಿಲ ಕೀಲಿ

ರಾಣಿಗೆ ಇಡೀ ನಾಟಕದಲ್ಲಿ ಮಾತು ನಲವತ್ತೊಂದು.
ಎಣಿಸಿದ್ದೇನೆ. ಎಣಿಸುವುದೇ ನನ್ನ ಕಸುಬು:
ಹಗಲು ಫೋರ್ಟಿನ ಹೋಟೆಲ್ಲಿನ ಗಲ್ಲಾದಲ್ಲಿ ಚಿಲ್ಲರೆ,
ರಾತ್ರಿ ಮಾಟುಂಗದ ಸಭಾಗೃಹದ ಪಕ್ಕಪರದೆಯ ಹಿಂದೆ
ಟಾರ್ಚು ಹಿಡಿದು ಇನ್ನೊಬ್ಬರ ಮಾತು.

ಮಗನಿಗೆ ಮುನ್ನೂರು ಚಿಲ್ಲರೆ.
ಮೂರನೇ ಅಂಕದಲ್ಲಿ ಎರಡು ಪುಟ ಒಂದೇ ಉಸಿರಿಗೆ
ತಾಯಿಯನ್ನು ಬಯ್ಯುತ್ತಾನೆ; ಜನ ಚಪ್ಪಾಳೆ ತಟ್ಟುತ್ತಾರೆ.
ಅವಳು ಹೇಳುವುದು: "ದೀಪ ತಗ್ಗಿಸು."
ಆಮೇಲೆ ದಿಡ್ಡಿಬಾಗಿಲ ಕೀಲಿಯನ್ನು
ಸೊಂಟದಿಂದ ಬಿಚ್ಚಿ ದಳವಾಯಿಯ ಕೈಗಿಡುತ್ತಾಳೆ.
ಬೆಳಗಿನ ಹೊತ್ತಿಗೆ ಕೋಟೆಯೊಳಗೆ ಮಗನ ಹೆಣ.

ಬರೆದವನು ಕಂಸದಲ್ಲಿ ಬರೆದದ್ದು ಇಷ್ಟೇ:
ಕೀಲಿ ಕೊಡುತ್ತಾಳೆ.
ಯಾಕೆ ಅಂತಿಲ್ಲ. ಅಳುತ್ತಾಳೆ ಅಂತಿಲ್ಲ.
ಆ ಬಾಗಿಲಿಂದ ಮಗನನ್ನು ಪಾರು ಮಾಡಲಿ ಅಂತ ಕೊಟ್ಟಳೋ,
ದಳವಾಯಿಯ ಮೇಲಿನ ಮೋಹಕ್ಕೋ,
ಒಂದು ರಾತ್ರಿಯಾದರೂ ಯಾರೂ ಏನೂ ಕೇಳದೆ
ನಿದ್ದೆ ಹತ್ತಲಿ ಅಂತಲೋ,
ನಮ್ಮ ತಂಡ ಇಪ್ಪತ್ತೆರಡು ವರ್ಷದಿಂದ
ಚಾ ಆರಿಸಿಕೊಂಡು ಜಗಳಾಡಿದೆ.

ಮೊದಲ ರಾಣಿ ಗಿರಿಜಾಂಬಾ ಕಣ್ಣೀರು ಸುರಿಸಿ ಕೊಟ್ಟಳು;
ಕನಿಕರಪಟ್ಟು ಜನ ಊಟಕ್ಕೆ ಹೋದರು.
ಎರಡನೆಯವಳು ತುಟಿ ಕೊಂಕಿಸಿದಳು;
ಹಿಂದಿನ ಸಾಲಿನ ಹೆಂಗಸರು ನೆಟಿಗೆ ಮುರಿದು ಶಾಪ ಹಾಕಿದರು.
ಎರಡೂ ಸುಲಭ.

ಈ ಸಲ ವಾರಿಜಾ ತಿಂಗಳಾಯ.
ಮುಚ್ಚಿಹೋದ ಮುನ್ಸಿಪಲ್ ಕನ್ನಡ ಶಾಲೆಯ ಟೀಚರು,
ಈಗಲೂ ಹಾಜರಿ ಕೂಗುವ ದನಿ.
ಪರೇಲಿನ ಚಾಳಿನ ಖೋಲಿ, ಗಂಡ ಸತ್ತದ್ದು ಮಗ ಹುಟ್ಟಿದ್ದು ಅಲ್ಲೇ,
ಅದಕ್ಕೆ ಬಿಲ್ಡರನ ಕಾಗದದಲ್ಲಿ ರುಜು ಹಾಕಿ
ಡೊಂಬಿವಲಿಯ ನಾಲ್ಕನೇ ಮಾಳಿಗೆಗೆ ಹೋದವಳು.
ಯತೀಶ ಆವತ್ತಿನಿಂದ ಮಾತಾಡಿಲ್ಲ.
ಅವನು ಹೇಳುವ ಕತೆ ಒಂದು; ಚಾಳಿನವರದ್ದು ಎರಡು;
ಅವಳು ಹೇಳುವುದಿಲ್ಲ.
ಹೊಸ ಮನೆಯ ಇನ್ನೊಂದು ಕೀಲಿ ಕೊರಿಯರಿನಲ್ಲಿ
ಮುಲುಂಡಿಗೆ, ಅವನ ವಿಳಾಸಕ್ಕೆ, ಕಳಿಸಿದಳಂತೆ.
ವಾಪಸು ಬರಲಿಲ್ಲ. ಅಷ್ಟು ಮಾತ್ರ ಹೇಳಿದಳು ನನಗೆ,
ಮೂಗುಬೊಟ್ಟಿಗೆ ಅಂಟು ಹಚ್ಚುತ್ತ.

ಪ್ರದರ್ಶನದ ದಿನ ಹಿತ್ತಾಳೆಯ ಕೀಲಿ ಕಾಣೆ.
ಪೆಟ್ಟಿಗೆ ತಡಕಿದೆವು, ಕಿರೀಟದೊಳಗೆ, ಚಾ ಕೆಟಲಿನ ಹಿಂದೆ.
ಎರಡನೇ ಗಂಟೆ ಬಾರಿಸಿತು.
"ನನ್ನ ಮನೇದು ಇದೆ ಬಿಡಿ," ಅಂದಳು,
"ದೂರದಿಂದ ಎಲ್ಲ ಕೀಲಿಯೂ ಒಂದೇ."

ಮೂರನೇ ಅಂಕ. ಮಗ ಬಯ್ದ. ಚಪ್ಪಾಳೆ ಬಿತ್ತು.
ಅವಳು ಸುಮ್ಮನಿದ್ದಳು.
ಪಿಸುಗುಟ್ಟಿದೆ: ದೀಪ ತಗ್ಗಿಸು.
ಮತ್ತೆ, ತುಸು ಜೋರಾಗಿ: ದೀಪ...
ನನ್ನತ್ತ ನೋಡಿದಳು. ಮರೆತವರ ನೋಟ ನನಗೆ ಗೊತ್ತು,
ಇದು ಅದಲ್ಲ. ಪಕ್ಕದವನಿಗೆ ಉತ್ತರ ಹೇಳಿಕೊಡುವ ಹುಡುಗನನ್ನು
ಟೀಚರು ನೋಡುವ ಬಗೆ.
ಟಾರ್ಚು ಆರಿಸಿದೆ.
ಆ ಮೌನದಲ್ಲಿ ಕೀಲಿ ಕೈ ಬದಲಿಸಿದ ಸದ್ದು
ಬಾಲ್ಕನಿಯವರೆಗೂ ಕೇಳಿತಂತೆ.

ಎಲ್ಲ ಮುಗಿದು, ಬಣ್ಣ ಒರೆಸಿ, ಪ್ಲಾಟ್‌ಫಾರ್ಮಿಗೆ ಬಂದಾಗ
ಕೊನೆಯ ಲೋಕಲ್ಲಿಗೆ ಹದಿನೇಳು ನಿಮಿಷ.
ಅವಳ ಕಿವಿಯ ಹಿಂದೆ ಇನ್ನೂ ಅರಮನೆಯ ಅರದಾಳ.
"ಕೀಲಿ?" ಅಂದೆ.
ದಳವಾಯಿ ಅದನ್ನು ಜೇಬಿಗಿಳಿಸಿಕೊಂಡು, ಸೇತುವೆ ದಾಟಿ
ಬೊರಿವಲಿ ಗಾಡಿ ಹತ್ತಿ ಆಗಿತ್ತು. ಫೋನು ಬಂದ್.
"ನಮ್ಮಲ್ಲಿಗೆ ಬನ್ನಿ, ಮನೆಯವಳಿದ್ದಾಳೆ," ಅಂದೆ.
ಬೇಡವೆಂದು ತಲೆಯಾಡಿಸಿದಳು. ಚೀಲದಲ್ಲಿ ಫೋನು ಹುಡುಕಿದಳು.
ಕರ್ಚೀಫು, ರೈಲ್ವೆ ಪಾಸು, ಬಿ.ಪಿ. ಗುಳಿಗೆಯ ಹಾಳೆ
ಒಂದೊಂದಾಗಿ ಬೆಂಚಿನ ಮೇಲೆ.
ಅವುಗಳ ನಡುವೆ, ಠಣ್ಣೆಂದು,
ಹಿತ್ತಾಳೆಯ ಕೀಲಿ.

ಅವಳೂ ನೋಡಿದಳು, ನಾನೂ ನೋಡಿದೆ.
ಸೆರಗಿನ ತುದಿ ಅದರ ಮೇಲೆ ಬಂತು, ಗಾಳಿಗೋ ಏನೋ.

ಮುಲುಂಡಿನ ನಂಬರು ಒತ್ತಿದಳು.
ರಿಂಗಾಗುತ್ತಲೇ ಇತ್ತು. ಹಳಿಯಾಚೆ ಯಾರೋ
ನಾಳೆಯ ಹೂವಿನ ಬುಟ್ಟಿಗಳನ್ನು ಪೇರಿಸುತ್ತಿದ್ದರು.
"ಯಾರು?" ಎಂದಿತು ನಿದ್ದೆಗಣ್ಣಿನ ದನಿ.

ಅವಳು ನನ್ನ ಕಡೆ ತಿರುಗಿದಳು.
ಮೂವತ್ತು ವರ್ಷ ಎಲ್ಲರ ಬಾಯಿಗೂ ಮಾತಿಟ್ಟವನು;
ಕೈಯಲ್ಲಿ ಪುಸ್ತಕವಿರಲಿಲ್ಲ.